ಸಾಲ ಮನ್ನಾ ಆದವನ ಕಥೆ: ಮಕ್ಕಳಿಗೆ ಕ್ಷಮೆಯ ಸಾಮ್ಯ ಕಲಿಸುವುದು (ಮತ್ತಾಯ 18:21-35)

ಎಲ್ಲರೂ ಕೂತ್ಕೊಳ್ಳಿ. ಬೈಬಲ್ ತೆಗೀರಿ, ಮತ್ತಾಯನ ಸುವಾರ್ತೆ ಹದಿನೆಂಟನೇ ಅಧ್ಯಾಯ. ಮೊಬೈಲಲ್ಲಿ ತೆಗೆಯೋರು ನೋಟಿಫಿಕೇಶನ್ ಆಫ್ ಮಾಡಿ, ದಯವಿಟ್ಟು.

ಇವತ್ತು ಎಂದಿನ ಹಾಗೆ ಪ್ರಸಂಗ ಅಲ್ಲ, ಪಾಠ. ಬೇಸಿಗೆ ರಜೆಯ ವಿ.ಬಿ.ಎಸ್.ಗೆ ಹೆಸರು ಕೊಟ್ಟಿರುವ ಯೌವನಸ್ಥರಿಗಾಗಿ ಇದನ್ನು ಸಿದ್ಧಪಡಿಸಿದ್ದೇನೆ. ಹೆಸರು ಕೊಡದವರೂ ಕೇಳಿ, ಯಾಕಂದ್ರೆ ಮಕ್ಕಳಿಗೆ ಕಲಿಸೋಕೆ ಹೋದಾಗಲೇ ನಮಗೆ ಎಷ್ಟು ಗೊತ್ತಿದೆ ಅನ್ನೋದು ಬಯಲಾಗೋದು. ಈ ಸಲ ನಮ್ಮ ತಂಡಗಳು ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಗೆ ಹೋಗುತ್ತವೆ. ಜಿಲ್ಲೆ ತುಮಕೂರೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕಡಿಮೆ ಇರುವ ಸೀಮೆ. ಕಡಲೆಕಾಯಿ, ರಾಗಿ, ಹುಣಸೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಬೆಂಗಳೂರಿಗೆ ಕೂಲಿಗೆ ಬರುತ್ತಾರೆ, ಮಕ್ಕಳು ಅಜ್ಜಿ ಮನೆಯಲ್ಲಿ ಉಳಿಯುತ್ತವೆ. ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದ ಕೈಗಳಲ್ಲಿ ಆ ಊರುಗಳ ಕೈಗಳೂ ಇರಬಹುದು. ಇದನ್ನು ತಲೆಯಲ್ಲಿ ಇಟ್ಟುಕೊಂಡು ಸಾಮ್ಯಕ್ಕೆ ಬರೋಣ.

ಕಥೆ ನಿಮಗೆ ಗೊತ್ತು. ಪೇತ್ರ ಬಂದು, ಸಹೋದರ ತಪ್ಪು ಮಾಡಿದರೆ ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿ ಸಾಕಾ ಅಂತ ಕೇಳುತ್ತಾನೆ. ಯೇಸುಸ್ವಾಮಿ ಆ ಲೆಕ್ಕವನ್ನೇ ಒಡೆದುಹಾಕಿ ಒಬ್ಬ ರಾಜನ ಕಥೆ ಹೇಳುತ್ತಾರೆ. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕು. ಕೊಡೋಕಾಗಲ್ಲ. ಅವನನ್ನೂ ಹೆಂಡತಿ ಮಕ್ಕಳನ್ನೂ ಮಾರಿಬಿಡಿ ಅಂತ ಅಪ್ಪಣೆ ಆಗುತ್ತದೆ. ಅವನು ಕಾಲಿಗೆ ಬೀಳುತ್ತಾನೆ, ರಾಜ ಪೂರ್ತಿ ಸಾಲ ಬಿಟ್ಟುಬಿಡುತ್ತಾನೆ. ಅವನು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದ ಜೊತೆ ಸೇವಕನ ಕುತ್ತಿಗೆ ಹಿಡಿಯುತ್ತಾನೆ.

ಸಂಡೇ ಸ್ಕೂಲಲ್ಲಿ ಇದನ್ನು ನಾವು ಹೇಗೆ ಕಲಿಸುತ್ತೇವೆ? ಇಬ್ಬರು ಮಕ್ಕಳು ಜಗಳ ಆಡಿದ ಚಿತ್ರ, ಬಣ್ಣ ಹಚ್ಚೋ ಹಾಳೆ, 'ಸಾರಿ ಹೇಳು, ಶೇಕ್ ಹ್ಯಾಂಡ್ ಮಾಡು', ಒಂದು ಸ್ಟಿಕ್ಕರ್. ಮುಗಿಯಿತು. ಆ ಹಾಳೆ ತೆಗೆದುಕೊಂಡು ಪಾವಗಡಕ್ಕೆ ಹೋಗಬೇಡಿ ಅಂತ ನಾನು ಬೇಡಿಕೊಳ್ಳುತ್ತೇನೆ. ಯಾಕಂದ್ರೆ ಅಲ್ಲಿನ ಮಕ್ಕಳಿಗೆ ಸಾಲ ಅನ್ನೋದು ಉಪಮೆ ಅಲ್ಲ. ಸಂಘದ ಕಂತು ಯಾವ ವಾರ, ಯಾವ ದಿನ ಅನ್ನೋದು ಏಳು ವರ್ಷದ ಹುಡುಗಿಗೂ ಗೊತ್ತು. ಬೈಕ್ ಸದ್ದು ಕೇಳಿದ ತಕ್ಷಣ 'ಅಮ್ಮ ಮನೇಲಿಲ್ಲ' ಅಂತ ಹೇಳೋಕೆ ಕಲಿತ ಮಕ್ಕಳಿದ್ದಾರೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ರಾಜ್ಯದಲ್ಲಿ ಎಷ್ಟು ಹೆಚ್ಚಾಗಿತ್ತು ಅಂದ್ರೆ 2025ರ ಫೆಬ್ರವರಿಯಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ಇನ್ನು ಅವರ ಅಜ್ಜಂದಿರನ್ನು ಕೇಳಿದರೆ 'ಜೀತ' ಅನ್ನೋ ಪದ ಬರುತ್ತದೆ. ಕಾನೂನು ಜೀತವನ್ನು ರದ್ದು ಮಾಡಿದ್ದು 1976ರಲ್ಲಿ; ನೆನಪು ಅಷ್ಟು ಬೇಗ ರದ್ದಾಗಲ್ಲ. ಸಾಲಕ್ಕೆ ಹೆಂಡತಿ ಮಕ್ಕಳನ್ನು ಮಾರೋ ಮಾತು ನಮಗೆ ಕಥೆ. ಎರಡನೇ ಅರಸುಗಳು ನಾಲ್ಕನೇ ಅಧ್ಯಾಯದ ವಿಧವೆಗೆ ಅದು ನಿಜ. ಸಾಲಗಾರ ಬಂದು ಅವಳ ಇಬ್ಬರು ಗಂಡುಮಕ್ಕಳನ್ನು ಎಳೆದುಕೊಂಡು ಹೋಗೋದ್ರಲ್ಲಿದ್ದ. ಆ ಅಜ್ಜಂದಿರಲ್ಲಿ ಕೆಲವರಿಗೂ ಅದು ನಿಜ.

ಹಾಗಾದರೆ ಆ ಮಕ್ಕಳು ಈ ಸಾಮ್ಯವನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ನಾವು ಮಾಡಬೇಕಾದದ್ದು ಇಷ್ಟೇ, ಅದನ್ನು 'ಸಾರಿ'ಯ ಮಟ್ಟಕ್ಕೆ ಇಳಿಸದೆ ಇರೋದು.

ಸಾಲ ಎಷ್ಟು?

ಮೊದಲು ನೀವು ಲೆಕ್ಕ ತಿಳಿದುಕೊಳ್ಳಿ. ಒಂದು ದಿನಾರಿ ಅಂದ್ರೆ ಒಂದು ದಿನದ ಕೂಲಿ, ಮತ್ತಾಯ ಇಪ್ಪತ್ತನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಕೂಲಿಯವರಿಗೆ ಕೊಟ್ಟದ್ದು ಅದೇ. ಒಂದು ತಲಾಂತು ಅಂದ್ರೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಅಂದ್ರೆ ಆರು ಕೋಟಿ ದಿನದ ಕೂಲಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಜೊತೆ ಸೇವಕನ ನೂರು ದಿನಾರಿ 37,000 ರೂಪಾಯಿ ಆಯಿತು. ಗಮನಿಸಿ, ಅದು ಚಿಲ್ಲರೆ ಅಲ್ಲ. ಎಷ್ಟೋ ಪ್ರಸಂಗಗಳಲ್ಲಿ 'ಜುಜುಬಿ ಹಣ' ಅಂತ ಹೇಳಿಬಿಡ್ತಾರೆ. 37,000 ಜುಜುಬಿ ಅಂತ ಪಾವಗಡದ ಒಬ್ಬ ತಾಯಿ ಮುಂದೆ ಹೇಳಿ ನೋಡಿ. ನಮಗೆ ಆದ ನೋವು ಚಿಕ್ಕದು ಅಂತ ಯೇಸುಸ್ವಾಮಿ ಎಲ್ಲೂ ಹೇಳಲಿಲ್ಲ. ಇನ್ನೊಂದು ಸಾಲ ಅದಕ್ಕಿಂತ ಎಷ್ಟು ದೊಡ್ಡದು ಅಂತ ತೋರಿಸಿದರು.

ಆ ಇನ್ನೊಂದು ಸಾಲ 2,220 ಕೋಟಿ ರೂಪಾಯಿ! ಆಗಿನ ಕಾಲದಲ್ಲಿ ಹೆರೋದ ಅಂತಿಪನಿಗೆ ಗಲಿಲಾಯ ಪೆರಿಯಗಳಿಂದ ವರ್ಷಕ್ಕೆ ಬರುತ್ತಿದ್ದ ಆದಾಯ 200 ತಲಾಂತು ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದ್ರೆ ಒಬ್ಬ ಸೇವಕನ ಸಾಲ ಒಂದು ಸೀಮೆಯ ಐವತ್ತು ವರ್ಷದ ಆದಾಯ. ಪಾವಗಡದ ಮಕ್ಕಳಿಗೆ ಇದನ್ನು ಹೀಗೆ ಹೇಳಬಹುದು. ತಿರುಮಣಿ ಕಡೆಯ ಸೋಲಾರ್ ಪಾರ್ಕ್ ಅವರೆಲ್ಲ ನೋಡಿದ್ದಾರೆ, ಸುಮಾರು 13,000 ಎಕರೆ, ಕಣ್ಣು ಹಾಯಿಸಿದಷ್ಟೂ ಪ್ಯಾನಲ್. ಅದಕ್ಕೆ ಜಮೀನು ಕೊಟ್ಟ ರೈತರಿಗೆ ಶುರುವಿನ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಆ ದರದಲ್ಲಿ ಇಡೀ ಪಾರ್ಕಿನ ಗುತ್ತಿಗೆ ಹಣವನ್ನೆಲ್ಲ ಒಬ್ಬನಿಗೇ ಕೊಟ್ಟರೂ ಆ ಸಾಲ ತೀರೋಕೆ ಎಂಬತ್ತು ವರ್ಷ ದಾಟುತ್ತದೆ. ಇಷ್ಟು ಹೇಳಿದರೆ ದೊಡ್ಡ ಹುಡುಗರು ವಿಸಿಲ್ ಹೊಡೀತಾರೆ. ಹೊಡೀಲಿ ಬಿಡಿ.

ಚಿಕ್ಕವರಿಗೆ ಕೋಟಿ ಲೆಕ್ಕ ಬೇಡ. ಒಂದು ಹುಣಸೆ ಬೀಜ ಅಂಗೈಲಿ ಇಡಿ. 'ಇದು ಜೊತೆ ಸೇವಕನ ಸಾಲ. ರಾಜನ ಸಾಲಕ್ಕೆ ಇಂಥ ಆರು ಲಕ್ಷ ಬೀಜ ಬೇಕು. ಸೆಕೆಂಡಿಗೆ ಒಂದರಂತೆ ಎಣಿಸಿದರೆ, ಹಗಲೂ ರಾತ್ರಿ ನಿದ್ದೆ ಇಲ್ಲ, ಊಟ ಇಲ್ಲ, ಇವತ್ತು ಶುರು ಮಾಡಿದ್ದು ಮುಂದಿನ ವಾರ ಇದೇ ಹೊತ್ತಿಗೆ ಮುಗಿಯುತ್ತೆ.' ಐದು ನಿಮಿಷ ನಿಜವಾಗಿಯೂ ಎಣಿಸಲು ಬಿಡಿ. ಸಾಕಾಗಿ ಕೈಬಿಡುತ್ತಾರೆ. ಕಟ್ಟೋಕಾಗದ ಸಾಲ ಅಂದ್ರೆ ಏನು ಅಂತ ಬೆರಳಿಗೆ ಗೊತ್ತಾಗುತ್ತದೆ.

ಮನ್ನಾ ಅಂದ್ರೆ ಸಾಲ ಮಾಯ ಆಗೋದಲ್ಲ

ಇಲ್ಲಿ ಒಂದು ಪದ ನಮಗೆ ಸಹಾಯಕ್ಕೆ ಬರುತ್ತದೆ. ಸಾಲ ಮನ್ನಾ. 2018ರಲ್ಲಿ ಎರಡು ಲಕ್ಷದವರೆಗಿನ ಬೆಳೆಸಾಲ ಮನ್ನಾ ಘೋಷಣೆ ಆದಾಗ ಹಳ್ಳಿ ಹಳ್ಳಿಯಲ್ಲೂ ಅದೇ ಮಾತು. ರಾಜ ಸೇವಕನಿಗೆ ಮಾಡಿದ್ದು ಅದೇ, ಸಾಲ ಮನ್ನಾ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು 'ತಪ್ಪು' ಅಂತ ಹೇಳುವ ಜಾಗದಲ್ಲಿ ಮತ್ತಾಯನ ಗ್ರೀಕ್ ಮೂಲದಲ್ಲಿರೋದು 'ಸಾಲ' ಅನ್ನೋ ಅರ್ಥದ ಪದ. ಧರ್ಮೋಪದೇಶಕಾಂಡ ಹದಿನೈದರಲ್ಲಿ ಏಳು ವರ್ಷಕ್ಕೊಮ್ಮೆ ಸಾಲ ಬಿಡಬೇಕು ಅಂತ ದೇವರೇ ಆಜ್ಞೆ ಕೊಟ್ಟಿದ್ದರು. ಹಾಗಾಗಿ ಯೇಸುಸ್ವಾಮಿಯ ಕೇಳುಗರಿಗೆ ಇದು ಹೊಸ ಭಾಷೆ ಅಲ್ಲ.

ಈಗ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ. ಸರ್ಕಾರ ಸಾಲ ಮನ್ನಾ ಮಾಡಿದರೆ ಬ್ಯಾಂಕಿನ ದುಡ್ಡು ಎಲ್ಲಿಗೆ ಹೋಯಿತು? ಯಾರೋ ಒಬ್ಬ ಜಾಣ ಹುಡುಗ ಹೇಳೇ ಹೇಳುತ್ತಾನೆ, ಸರ್ಕಾರ ಕಟ್ಟುತ್ತೆ ಅಂತ. ಅಷ್ಟೇ! ಸಾಲ ಗಾಳಿಯಲ್ಲಿ ಕರಗಲ್ಲ. ಕೊಡಬೇಕಾದವನು ಕೊಡದಿದ್ದರೆ ಬಿಟ್ಟವನು ಹೊರುತ್ತಾನೆ. ಆ ರಾಜ 'ಹೋಗು, ಬಿಟ್ಟಿದೀನಿ' ಅಂದ ಕ್ಷಣ ಹತ್ತು ಸಾವಿರ ತಲಾಂತು ರಾಜನ ಖಜಾನೆಯಿಂದ ಹೋಯಿತು. ಶಿಲುಬೆ ಅಂದ್ರೆ ಇದೇ, ಪ್ರಿಯರೇ. ಕ್ಷಮೆ ಪುಕ್ಕಟೆ ಅಂತ ನಾವು ಹಾಡುತ್ತೇವೆ, ತೆಗೆದುಕೊಳ್ಳೋರಿಗೆ ಪುಕ್ಕಟೆ. ಕೊಟ್ಟವನಿಗೆ ಅಲ್ಲ. ಈ ಒಂದು ವಿಷಯ ಮಕ್ಕಳ ಮನಸ್ಸಿಗೆ ಹೋಗದಿದ್ದರೆ ಉಳಿದ ಪಾಠ ಬರೀ ಒಳ್ಳೇ ನಡತೆಯ ಪಾಠ ಆಗುತ್ತದೆ. ಒಳ್ಳೇ ನಡತೆ ಕಲಿಸೋಕೆ ಶಾಲೆ ಇದೆ.

ಇಪ್ಪತ್ತೇಳನೇ ವಚನದಲ್ಲಿ ರಾಜ ಕನಿಕರಪಟ್ಟ ಅಂತ ಇದೆಯಲ್ಲ, ಆ ಗ್ರೀಕ್ ಪದದ ಬೇರು 'ಕರುಳು'. ಬೈಬಲ್ ಕಾಲೇಜಿನಲ್ಲಿ ಇದನ್ನು ಕೇಳಿದಾಗ ನನಗೆ ಅನ್ನಿಸಿದ್ದು, ಇದಕ್ಕೆ ಕನ್ನಡದಲ್ಲಿ ವಿವರಣೆಯೇ ಬೇಡ. ಕರುಳು ಚುರುಕ್ ಅಂತು ಅಂದ್ರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಗೊತ್ತು. ಕಥೆ ಹೇಳುವಾಗ ಹಾಗೇ ಹೇಳಿ. ಪಾವಗಡಕ್ಕೆ ಹೋಗೋರಿಗೆ ಇನ್ನೊಂದು. ಅಲ್ಲಿ ಬಹಳ ಮನೆಗಳಲ್ಲಿ ಮಾತು ತೆಲುಗು, ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ. ತೆಲುಗಿನಲ್ಲಿ ಸಾಲಕ್ಕೆ 'ಅಪ್ಪು' ಅಂತಾರೆ. ಕನ್ನಡದಲ್ಲಿ ಅಪ್ಪು ಅಂದ್ರೆ ತಬ್ಬಿಕೋ. ಅಪ್ಪು ತೀರಿಸೋಕೆ ಬಂದವನನ್ನು ರಾಜ ಅಪ್ಪಿಕೊಂಡ ಅಂತ ಹೇಳಿ ನೋಡಿ, ಎರಡೂ ಭಾಷೆ ಬಲ್ಲ ಮಕ್ಕಳು ನಗುತ್ತಾರೆ, ಆದರೆ ಮರೆಯಲ್ಲ. (ಪುನೀತ್ ರಾಜ್‌ಕುಮಾರ್ ಹೆಸರು ಖಂಡಿತ ಬರುತ್ತದೆ. ಎರಡು ನಿಮಿಷ ಅದಕ್ಕೂ ಕೊಡಿ.)

ಮೊದಲು ಆರಾಧನೆ

ಆರಾಧನೆಯನ್ನು ಗಲಾಟೆ ಅಡಗಿಸೋ ಸಾಧನ ಮಾಡಿಕೊಳ್ಳಬೇಡಿ. ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಮಕ್ಕಳು ಸೇರೋವರೆಗೂ ನಾಲ್ಕು ಆಕ್ಷನ್ ಸಾಂಗ್, ಆಮೇಲೆ 'ಕೈ ಕಟ್ಟಿ, ಬಾಯಿ ಮುಚ್ಚಿ', ಪಾಠ ಶುರು. ಈ ಸಾಮ್ಯದಲ್ಲಿ ಆರಾಧನೆ ಮೊದಲು ಬರೋದಕ್ಕೆ ಕಾರಣ ಸಾಮ್ಯದ ಒಳಗೇ ಇದೆ. ಮನ್ನಾ ಮೊದಲು, ಬೇರೆಯವರನ್ನು ಬಿಡೋದು ಆಮೇಲೆ. ಆ ಸೇವಕ ಅರಮನೆಯಿಂದ ಹೊರಗೆ ಬಂದಾಗ ಕುಣಿದಾಡಲಿಲ್ಲ, ಮನೆಗೆ ಓಡಿ ಹೆಂಡತಿ ಮಕ್ಕಳಿಗೆ ಹೇಳಲಿಲ್ಲ, ಒಂದು ಸ್ತೋತ್ರವೂ ಇಲ್ಲ. ನನಗೆ ಅನ್ನಿಸೋದು ಅವನು ಕೆಟ್ಟದ್ದು ಅಲ್ಲೇ, ಜೊತೆ ಸೇವಕ ಸಿಗೋದಕ್ಕೂ ಮೊದಲೇ. ಬಿಡುಗಡೆ ಆದದ್ದಕ್ಕೆ ಸಂತೋಷಪಡದ ಮನಸ್ಸಿಗೆ ಮುಂದೆ ಕಂಡದ್ದು ತನಗೆ ಬರಬೇಕಾದ ಬಾಕಿ ಮಾತ್ರ. ಆದ್ದರಿಂದ ಮಕ್ಕಳ ಜೊತೆ ನಾವು ಮೊದಲು ಆ ಸೇವಕ ಮಾಡದೆ ಬಿಟ್ಟದ್ದನ್ನು ಮಾಡುತ್ತೇವೆ.

ಆ ಕಡೆ ಕೋಲಾಟ ಇನ್ನೂ ಇದೆ. ಮಕ್ಕಳಿಗೆ ಹೆಜ್ಜೆ ಗೊತ್ತಿರುತ್ತೆ, ನಿಮಗೆ ಗೊತ್ತಿರಲ್ಲ, ಅವರಿಂದ ಕಲೀರಿ. ಕೋಲಾಟಕ್ಕೆ ಹೊಂದೋ ಹಾಗೆ ಒಂದು ಸವಾಲು ಜವಾಬು ಮಾಡಿದ್ದೇನೆ. ನೀವು ಕೂಗಿ, 'ಸಾಲ ಎಷ್ಟು?' ಅವರು, 'ಎಣಿಸೋಕಾಗಲ್ಲ!' 'ಕಟ್ಟಿದ್ಯಾರು?' 'ಯೇಸಪ್ಪ!' 'ಬಾಕಿ ಎಷ್ಟು?' 'ಏನಿಲ್ಲ, ಏನಿಲ್ಲ!' ಪ್ರತಿ ಉತ್ತರಕ್ಕೆ ಎದುರಿನವರ ಕೋಲಿಗೆ ಕೋಲು. ಒಂದು ಸುತ್ತು ಆದ ಮೇಲೆ ಇಬ್ಬರು ಮಕ್ಕಳಿಗೆ ಕೋಲು ಕೆಳಗೆ ಇಡೋಕೆ ಹೇಳಿ. ಅವರ ಜೋಡಿ ಗಾಳಿಗೆ ಹೊಡೀತಾರೆ, ತಾಳ ತಪ್ಪುತ್ತೆ, ಇಡೀ ಸುತ್ತು ಕೆಡುತ್ತೆ. ಒಬ್ಬರಿಗೊಬ್ಬರು ಟೂ ಬಿಟ್ಟರೆ ಏನಾಗುತ್ತೆ ಅಂತ ಆಗ ಹೇಳಬೇಕಾದ್ದೇ ಇಲ್ಲ.

ಇಲ್ಲಿ ಕೆಲವು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಸಭೆಯಲ್ಲಿ ನಾವು ಆರಾಧಿಸೋ ಹಾಗೆ, ಸೌಂಡ್ ಸಿಸ್ಟಮ್ ಪೂರ್ತಿ ಏರಿಸಿ, ಎಲ್ಲರೂ ಒಟ್ಟಿಗೆ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದರೆ ಆರು ವರ್ಷದ ಮಗು ಹೆದರುತ್ತೆ. ಪವಿತ್ರಾತ್ಮನಿಗೆ ಮಕ್ಕಳನ್ನು ಹೆದರಿಸೋ ಅಗತ್ಯ ಇಲ್ಲ. ಬರೋ ಮಕ್ಕಳೆಲ್ಲ ವಿಶ್ವಾಸಿಗಳ ಮನೆಯವರಲ್ಲ. ತಂದೆ ತಾಯಿಗೆ ಏನು ಕಲಿಸುತ್ತೇವೆ ಅಂತ ಬಿಡಿಸಿ ಹೇಳಿ, ಅವರ ಒಪ್ಪಿಗೆ ಇಲ್ಲದೆ ಒಂದು ಮಗುವನ್ನೂ ಕೂರಿಸಬೇಡಿ. ಬ್ಯಾಗು, ಟಿಫನ್ ಬಾಕ್ಸು ಕೊಡ್ತೀವಿ ಅಂತ ಕರೆಯಬೇಡಿ. ಕೈ ಮುಗಿಯದೆ ಸುಮ್ಮನೆ ನೋಡುತ್ತಾ ಕೂತ ಮಗುವನ್ನು ಹಾಗೇ ಬಿಡಿ. ಕ್ಷಮೆಯ ಪಾಠವನ್ನು ಬಲವಂತದಿಂದ ಕಲಿಸೋದು ಆ ಸೇವಕ ಕುತ್ತಿಗೆ ಹಿಡಿದ ಹಾಗೇ.

ಅಳಗುಳಿ ಮಣೆ

ಈಗ ಆಟ. ಏಪ್ರಿಲ್ ಹೊತ್ತಿಗೆ ಹುಣಸೆ ಕೊಯ್ಲು ಮುಗಿದು ಮನೆ ಮುಂದೆ ಹೆಂಗಸರು ಹಣ್ಣು ಬಡಿದು ಬೀಜ ಬಿಡಿಸಿರುತ್ತಾರೆ, ಕೇಳಿದರೆ ಬೀಜ ಕೊಡುತ್ತಾರೆ. ಮಣೆ ಇಲ್ಲದಿದ್ದರೆ ನೆಲದಲ್ಲಿ ಗುಳಿ ತೋಡಿ. ಒಬ್ಬೊಬ್ಬರ ಕಡೆ ಏಳು ಗುಳಿ, ಒಟ್ಟು ಹದಿನಾಲ್ಕು. ಗುಳಿಗೆ ಐದರಂತೆ ಹಾಕಿದರೆ ಒಬ್ಬರಿಗೆ 35, ಇಬ್ಬರಿಗೂ ಸೇರಿ 70 ಬೀಜ. ಏಳು, ಎಪ್ಪತ್ತು! ಇದರಲ್ಲಿ ಪ್ರವಾದನೆ ಏನೂ ಹುಡುಕಬೇಡಿ ಬ್ರದರ್, ಆದರೆ ಪೇತ್ರನ ಪ್ರಶ್ನೆ ನೆನಪಿಡೋಕೆ ಅನುಕೂಲ.

ಆಟ ಗೊತ್ತಿರೋರಿಗೆ ಗೊತ್ತು, ಒಂದು ಆಟ ಮುಗಿದ ಮೇಲೆ ಇಬ್ಬರೂ ತಾವು ಗೆದ್ದ ಬೀಜದಿಂದ ತಮ್ಮ ಗುಳಿಗಳನ್ನು ತುಂಬಬೇಕು. ಸೋತವನಿಗೆ ಸಾಲದೆ ಬರುತ್ತೆ, ಅವನ ಕೆಲವು ಗುಳಿ ಖಾಲಿ. ಮುಂದಿನ ಆಟವನ್ನು ಆ ಖಾಲಿ ಗುಳಿಗಳ ಜೊತೆಯೇ ಆಡಬೇಕು. ಸೋತವನು ಮತ್ತೂ ಸೋಲೋದು ಅದಕ್ಕೇ. ಸಾಲ ಹೀಗೇ ಅಲ್ವಾ ಕೆಲಸ ಮಾಡೋದು?

ನಾವು ಇದಕ್ಕೆ ಒಬ್ಬ ರಾಜನನ್ನು ಸೇರಿಸುತ್ತೇವೆ. ರಾಜ ಅಂದ್ರೆ ಕಲಿಸುವ ನೀವು. ನೀವೂ ಪಕ್ಕದಲ್ಲಿ ಒಂದು ಮಣೆ ಇಟ್ಟುಕೊಂಡು, ಏಳು ಗುಳಿ ತುಂಬಿಕೊಂಡು 35 ಬೀಜದ ಜೊತೆ ಕೂತಿರಬೇಕು. ಒಂದು ಉದಾಹರಣೆ ಹೇಳುತ್ತೇನೆ. ಮೊದಲ ಆಟದಲ್ಲಿ ಒಬ್ಬಳಿಗೆ 48 ಬಂತು, ಇನ್ನೊಬ್ಬಳಿಗೆ 22. ಆ 22ರಲ್ಲಿ ನಾಲ್ಕು ಗುಳಿ ತುಂಬುತ್ತೆ, ಎರಡು ಬೀಜ ಮಿಗುತ್ತೆ, ಮೂರು ಗುಳಿಗೆ ಪೂರ್ತಿ ಬೀಜ ಇಲ್ಲ. ಕಡಿಮೆ ಬಿದ್ದದ್ದು 13. ರಾಜ ಎದ್ದು ಬಂದು ತನ್ನ ಮಣೆಯಿಂದ 13 ಬೀಜ ತೆಗೆದು ಅವಳ ಗುಳಿ ತುಂಬುತ್ತಾನೆ. ಈಗ ಅವಳ ಹತ್ತಿರ 35. ರಾಜನ ಹತ್ತಿರ ಎಷ್ಟು ಉಳಿಯಿತು ಅಂತ ಮಕ್ಕಳನ್ನೇ ಎಣಿಸೋಕೆ ಹೇಳಿ. 22! ಅವಳ ಹತ್ತಿರ ಇದ್ದ ಅದೇ ಸಂಖ್ಯೆ. ಅವಳ ಖಾಲಿ ಗುಳಿಗಳು ಈಗ ರಾಜನ ಮಣೆಯಲ್ಲಿವೆ. ಎರಡನೇ ಕೊರಿಂಥ ಎಂಟನೇ ಅಧ್ಯಾಯ ಒಂಬತ್ತನೇ ವಚನದಲ್ಲಿ ಪೌಲನು ಕ್ರಿಸ್ತನ ಬಡತನದ ಬಗ್ಗೆ ಬರೆದದ್ದು ಇದನ್ನೇ. ಅದನ್ನು ವಿವರಿಸೋಕೆ ಹೋಗಬೇಡಿ. ಎಣಿಸಲಿ, ನೋಡಲಿ.

ಎರಡನೇ ಆಟ ಆಡಲಿ. ಆ ಹುಡುಗಿ ಮತ್ತೆ ಸೋತರೆ ರಾಜ ಮತ್ತೆ ತುಂಬುತ್ತಾನೆ. ಗೆದ್ದರೆ, ಮುಖ್ಯವಾದ ಘಳಿಗೆ ಬರುತ್ತೆ. ಎದುರಿನವಳ ಗುಳಿ ಖಾಲಿ, ಇವಳ ಕೈಯಲ್ಲಿ ಮಿಕ್ಕ ಬೀಜ ಇದೆ. ಈಗ ನೀವು ಬಾಯಿ ಬಿಡಬೇಡಿ. 'ಕೊಡಮ್ಮ, ರಾಜ ನಿನಗೆ ಕೊಟ್ಟಿದ್ದನಲ್ವಾ' ಅಂತ ಕಣ್ಣಲ್ಲೂ ಹೇಳಬೇಡಿ. ಕೆಲವರು ಕೊಡ್ತಾರೆ, ಕೆಲವರು ಮುಷ್ಟಿ ಬಿಗಿ ಹಿಡೀತಾರೆ, ಕೆಲವರು ಎರಡು ಬೀಜ ಕೊಟ್ಟು ಮುಖ ನೋಡ್ತಾರೆ. ಕೊಟ್ಟವರಿಗೆ ಚಪ್ಪಾಳೆ ಬೇಡ, ಕೊಡದವರಿಗೆ 'ದುಷ್ಟ ಸೇವಕ' ಅನ್ನೋ ಹೆಸರು ಬೇಡ. ಆಟ ಪೂರ್ತಿ ಮುಗಿದ ಮೇಲೆಯೇ ಸಾಮ್ಯ ಹೇಳಿ. ಕಥೆ ಕೇಳುತ್ತಾ ಕೇಳುತ್ತಾ ಒಂದೊಂದು ಮಗುವೂ ತನ್ನ ಕೈ ಎಲ್ಲಿತ್ತು ಅಂತ ತಾನೇ ನೋಡಿಕೊಳ್ಳುತ್ತೆ. ಜೆರೋಮ್ ಬೆರಿಮನ್ ಅನ್ನೋ ಅಮೆರಿಕದ ಪಾದ್ರಿ ಮಾಂಟೆಸರಿ ವಿಧಾನದಿಂದ ಪ್ರೇರಣೆ ಪಡೆದು 'ಗಾಡ್ಲಿ ಪ್ಲೇ' ಅಂತ ಒಂದು ಕ್ರಮ ಬೆಳೆಸಿದರು. ಅದರಲ್ಲಿ ನನಗೆ ಹಿಡಿಸಿದ್ದು ಇದು: ಕಥೆ ಮುಗಿದ ಮೇಲೆ ಉತ್ತರ ಗೊತ್ತಿರೋ ಪ್ರಶ್ನೆ ಕೇಳಲ್ಲ. 'ಆ ಸೇವಕ ಮನೆಗೆ ಹೋದಾಗ ಹೆಂಡತಿ ಏನು ಕೇಳಿರಬಹುದು?' 'ನೀನು ಈ ಕಥೆಯಲ್ಲಿ ಎಲ್ಲಿ ನಿಂತಿದ್ದೆ?' ಅಂತ ಕೇಳಿ ಕಾಯ್ತಾರೆ. ಕಾಯೋದು ನಮ್ಮ ಪೆಂತೆಕೋಸ್ತರಿಗೆ ಸ್ವಲ್ಪ ಕಷ್ಟ. ಅಭ್ಯಾಸ ಮಾಡೋಣ.

ಶಿರಾ, ಮಧುಗಿರಿ ಟೌನಿನ ದೊಡ್ಡ ಹುಡುಗರು ಬೀಜದ ಆಟಕ್ಕೆ ಕೂರಲ್ಲ, ಅವರಿಗೆ ಕಬಡ್ಡಿ. ಔಟಾಗಿ ಗೆರೆ ಆಚೆ ಕೂತವನು ತಾನಾಗೇ ಎದ್ದು ಬರೋಕಾಗಲ್ಲ, ಅವನ ಕಡೆಯವನು ಎದುರಾಳಿಯನ್ನು ಔಟ್ ಮಾಡಿದಾಗಲೇ ಒಳಗೆ ಬರೋದು. ಅಷ್ಟು ಹೇಳಿದರೆ ಅವರಿಗೆ ಸಾಕು.

ಜೊತೆ ಸೇವಕರು ಮಾಡಿದ್ದು

ಇನ್ನು ನಾಟಕ. ಇದನ್ನು ಮಾಡಿಸುವಾಗ ರಾಜ, ಇಬ್ಬರು ಸೇವಕರು, ಈ ಮೂರೂ ಪಾತ್ರ ದೊಡ್ಡವರೇ ಮಾಡಿ. ಬಡ ಮನೆಯ ಮಗುವನ್ನು ಸಾಲಗಾರನ ಪಾತ್ರಕ್ಕೆ ನಿಲ್ಲಿಸಿ ಎಲ್ಲರ ಮುಂದೆ ಕಾಲಿಗೆ ಬೀಳಿಸಬೇಡಿ. ಅದು ಅವನಿಗೆ ನಾಟಕ ಅಲ್ಲದೆ ಇರಬಹುದು. ಮಕ್ಕಳೆಲ್ಲ ಒಂದೇ ಪಾತ್ರ ಮಾಡಲಿ. ಮೂವತ್ತೊಂದನೇ ವಚನದ ಜೊತೆ ಸೇವಕರು.

ಆ ವಚನವನ್ನು ಈಗ ಎಲ್ಲರೂ ಒಮ್ಮೆ ಓದಿ. ನಡೆದದ್ದನ್ನು ಕಂಡು ಅವರಿಗೆ ಬಹಳ ದುಃಖ ಆಯಿತು, ಹೋಗಿ ಒಡೆಯನಿಗೆ ಎಲ್ಲವನ್ನೂ ತಿಳಿಸಿದರು. ನಮ್ಮ ಸಂಡೇ ಸ್ಕೂಲ್ ಚಿತ್ರಗಳಲ್ಲಿ ಇವರು ಇರೋದೇ ಅಪರೂಪ. ಆದರೆ ಇವರಿಲ್ಲದಿದ್ದರೆ ಸೆರೆಮನೆಯಲ್ಲಿ ಬಿದ್ದವನ ವಿಷಯ ರಾಜನ ಕಿವಿಗೆ ಬೀಳುತ್ತಿರಲಿಲ್ಲ. ಮತ್ತೆ ನೋಡಿ, ರಾಜ ಅವರಿಗೆ 'ಚಾಡಿ ಹೇಳಬೇಡಿ' ಅನ್ನಲಿಲ್ಲ. 'ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಅಂತ ಗೊತ್ತಿಲ್ವಾ, ಸುಮ್ಮನಿರಿ' ಅನ್ನಲಿಲ್ಲ. ಕೇಳಿಸಿಕೊಂಡ, ಎದ್ದ, ನ್ಯಾಯ ಮಾಡಿದ.

ಯಾಕೆ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ? ಕ್ಷಮೆಯ ಪಾಠ ಮಕ್ಕಳ ಬಾಯಿ ಮುಚ್ಚಿಸೋಕೆ ಬಳಕೆಯಾಗಬಹುದು. ಮನೆಯಲ್ಲಿ ಕುಡಿದು ಬಂದು ಹೊಡೆಯೋರು ಇರುತ್ತಾರೆ. ಮುಟ್ಟಬಾರದ ಹಾಗೆ ಮುಟ್ಟುವ ಸಂಬಂಧಿಕರು, ಪಕ್ಕದ ಮನೆಯವರು ಇರುತ್ತಾರೆ. ನೀವು 'ಎಷ್ಟು ಸಾರಿ ಆದರೂ ಕ್ಷಮಿಸಬೇಕು, ಯೇಸಪ್ಪ ಹೇಳಿದಾರೆ' ಅಂತ ಕಲಿಸಿ ಬಸ್ ಹತ್ತುತ್ತೀರಿ. ಆ ಮಗು ಆ ರಾತ್ರಿ ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತೆ? ಹೇಳಬಾರದು, ಸಹಿಸಬೇಕು, ಹೇಳಿದರೆ ನಾನು ಕ್ಷಮಿಸಿಲ್ಲ ಅಂತ ಆಗುತ್ತೆ. ಸಾಮ್ಯದಲ್ಲಿ ಇಲ್ಲದ್ದನ್ನು ಕಲಿಸಿದ ಹಾಗಾಯಿತು.

ಈ ಅಧ್ಯಾಯ ಶುರುವಾಗೋದೇ ಯೇಸುಸ್ವಾಮಿ ಒಂದು ಮಗುವನ್ನು ಕರೆದು ಮಧ್ಯದಲ್ಲಿ ನಿಲ್ಲಿಸೋದರಿಂದ. ಆರನೇ ವಚನದಲ್ಲಿ, ಇಂಥ ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸೋದೇ ಮೇಲು ಅಂತಾರೆ. ಹತ್ತನೇ ವಚನದಲ್ಲಿ ಅವರನ್ನು ತಾತ್ಸಾರ ಮಾಡಬೇಡಿ ಅಂತಾರೆ. ಹದಿನೈದರಿಂದ, ತಪ್ಪು ಮಾಡಿದವನ ಹತ್ತಿರ ಹೋಗಿ ತಿಳಿಸು, ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಅಂತಾರೆ. ಇಷ್ಟೆಲ್ಲ ಆದ ಮೇಲೆ ಪೇತ್ರನ ಪ್ರಶ್ನೆ ಬರೋದು. ಮಗುವನ್ನು ಮಧ್ಯದಲ್ಲಿ ನಿಲ್ಲಿಸಿದ ಅಧ್ಯಾಯದಿಂದ ಕ್ಷಮೆಯ ವಚನ ಮಾತ್ರ ಕಿತ್ತುಕೊಂಡು ಆ ಮಗುವಿನ ಮೇಲೇ ಹೊರಿಸೋದು ಯಾವ ನ್ಯಾಯ?

ಹಾಗಾದರೆ ಮಕ್ಕಳಿಗೆ ಹೇಳಿ: 'ಟೂ ಬಿಟ್ಟ ಗೆಳತಿ ಜೊತೆ ರಾಜಿ ಆಗೋದು ನಿನ್ನ ಕೈಲಿದೆ. ಆದ್ರೆ ದೊಡ್ಡವರು ನಿನಗೆ ನೋವು ಮಾಡಿದ್ರೆ ಅದನ್ನ ಹೇಳ್ಬೇಕು. ಹೇಳೋದು ಚಾಡಿ ಅಲ್ಲ, ಹೇಳೋದು ಪಾಪ ಅಲ್ಲ. ಜೊತೆ ಸೇವಕರು ಹೇಳಿದ್ರು, ರಾಜ ಕೇಳಿದ.' ನಾಟಕದಲ್ಲಿ ಮಕ್ಕಳು ಸಿಂಹಾಸನದ ಹತ್ತಿರ ಓಡಿ ಹೋಗಿ ಜೋರಾಗಿ ಹೇಳೋ ಅಭ್ಯಾಸ ಮಾಡಿಸಿ. ಇಡೀ ವಿ.ಬಿ.ಎಸ್.ನಲ್ಲಿ ಅವರು ಮನೆಗೆ ತೆಗೆದುಕೊಂಡು ಹೋಗೋ ಅತಿ ಉಪಯೋಗದ ವಿಷಯ ಅದೇ ಆಗಬಹುದು.

ಒಂದು ಮಗು ಬಂದು ನಿಮಗೆ ಹೇಳಿದರೆ? ಶಾಂತವಾಗಿ ಕೇಳಿ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ. ಕೆದಕಿ ಕೆದಕಿ ಪ್ರಶ್ನೆ ಬೇಡ. 'ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ' ಅನ್ನಿ. ಅದೇ ದಿನ ತಂಡದ ಮುಖ್ಯಸ್ಥರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ವಿಷಯ ಆದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೆ ಇರೋದೇ ಅಪರಾಧ. ಮಾಡಿದವನು ವಿಶ್ವಾಸಿ ಆಗಿರಲಿ, ಸಭೆಯ ಹಿರಿಯ ಆಗಿರಲಿ, ಪಾಸ್ಟರ್ ಆಗಿರಲಿ, ಪ್ರಾರ್ಥನೆ ಮಾಡಿ ಸಭೆಯೊಳಗೇ ಮುಗಿಸೋ ವಿಷಯ ಅದು ಅಲ್ಲ.

ಕೊನೆಯ ಎರಡು ವಚನದ ಬಗ್ಗೆ ಬಹಳ ಜನ ಕೇಳಿದ್ರಿ. ರಾಜ ಅವನನ್ನು ಸಾಲ ತೀರಿಸುವ ತನಕ ಪೀಡಿಸುವವರ ಕೈಗೆ ಒಪ್ಪಿಸಿದ, ನೀವು ಹೃದಯದಿಂದ ಕ್ಷಮಿಸದಿದ್ದರೆ ತಂದೆಯೂ ಹಾಗೇ ಮಾಡುವನು. ಚಿಕ್ಕವರಿಗೆ ಇದನ್ನು ಹೇಳೋದಾ? ನನ್ನ ಅಭಿಪ್ರಾಯ, ಬಿಡಬೇಡಿ, ಬೆದರಿಕೆಯೂ ಮಾಡಬೇಡಿ. ಎಂಟು ವರ್ಷದ ಕೆಳಗಿನವರಿಗೆ 'ರಾಜನಿಗೆ ಬಹಳ ದುಃಖ ಆಯಿತು, ಕೋಪವೂ ಬಂತು, ಅವನು ಸೆರೆಮನೆಗೆ ಹೋದ' ಅಷ್ಟು ಸಾಕು. ದೊಡ್ಡವರಿಗೆ ಪೂರ್ತಿ ಓದಿ. ಆದರೆ 'ನಿನ್ನೆ ಜಗಳ ಆಡಿದ್ಯಲ್ಲ, ಕ್ಷಮಿಸದಿದ್ರೆ ನರಕ' ಅಂತ ಒಂದು ಮಗುವಿಗೂ ಹೇಳಕೂಡದು. ಹೃದಯದಿಂದ ಅನ್ನೋ ಮಾತಿದೆ ಅಲ್ಲಿ. ಹೆದರಿ ಹೇಳಿದ ಕ್ಷಮೆ ಹೃದಯದ್ದಲ್ಲ. ಇನ್ನೊಂದು ವಿಷಯ ಬೈಬಲ್ ಓದುವ ಹೈಸ್ಕೂಲ್ ಮಕ್ಕಳಿಗೆ ತೋರಿಸಿ. ಆದಿಕಾಂಡ ನಾಲ್ಕರಲ್ಲಿ ಲೆಮೆಕ ಎಪ್ಪತ್ತೇಳರಷ್ಟು ಸೇಡು ತೀರಿಸಿಕೊಳ್ಳುತ್ತೇನೆ ಅಂತ ಜಂಬ ಕೊಚ್ಚಿದ. ಹಳೆಯ ಗ್ರೀಕ್ ಅನುವಾದದಲ್ಲಿ ಅವನ ಆ ಸಂಖ್ಯೆಗೆ ಇರೋ ಪದಗಳೇ ಯೇಸುಸ್ವಾಮಿಯ ಉತ್ತರದಲ್ಲೂ ಇವೆ. ಸೇಡಿನ ಸಂಖ್ಯೆಯನ್ನು ತೆಗೆದುಕೊಂಡು ಕ್ಷಮೆಯ ಸಂಖ್ಯೆ ಮಾಡಿಬಿಟ್ಟರು. ಊರಲ್ಲಿ ಎರಡು ಮನೆಗಳ ನಡುವೆ ತಲೆಮಾರಿನ ಜಗಳ ನೋಡುತ್ತಾ ಬೆಳೆದ ಹುಡುಗನಿಗೆ ಇದು ತಟ್ಟುತ್ತೆ.

ಸಮಯ ಆಯಿತು. ಹಿಂದಿನ ಮೇಜಿನ ಮೇಲೆ ಎರಡು ಕೆಜಿ ಹುಣಸೆ ಬೀಜ, ನಾಲ್ಕು ಮಣೆ ಇವೆ. ಊಟದ ನಂತರ ಜೋಡಿಯಾಗಿ ಕೂತು ಮೂರು ಆಟ ನೀವೇ ಆಡಿ, ಒಬ್ಬರು ರಾಜ ಆಗಿ. ಯಾರ ಜೊತೆ ಮಾತು ಬಿಟ್ಟು ಬಹಳ ದಿನ ಆಗಿದೆಯೋ ಅವರ ಎದುರು ಕೂರೋಕೆ ಆಗುತ್ತಾ ನೋಡಿ. ಆಗದಿದ್ದರೆ ಇವತ್ತು ಬೇರೆಯವರ ಎದುರು ಕೂತ್ಕೊಳ್ಳಿ, ಬಲವಂತ ಇಲ್ಲ. ಪಾವಗಡ ತಂಡದವರು ಉಳ್ಕೊಳ್ಳಿ, ನಿಮಗೆ ತೆಲುಗು ಬರೋರು ಇನ್ನಿಬ್ಬರು ಬೇಕು. ಬನ್ನಿ, ಎದ್ದು ನಿಂತು ಪ್ರಾರ್ಥಿಸೋಣ.